ಕೇಳಲು ಪುರುಸೊತ್ತು

ವಾಷಿಂಗ್ಟನ್‌ನಲ್ಲಿ ಸಂಸತ್ತು ಕೂಡಿರುವ ಒಂದು ಬುಧವಾರ, ಬೆಳಗ್ಗೆ 10 ಗಂಟೆ ಅಂದುಕೊಳ್ಳಿ. ಪ್ರತಿನಿಧಿ ಸಭೆಯ ಒಬ್ಬ ಸದಸ್ಯೆ ಆ ಹೊತ್ತಿಗೆ ಎರಡು ಕಡೆ ಕೂತಿರಬೇಕು. ರೇಬರ್ನ್ ಕಟ್ಟಡದಲ್ಲಿ ವಲಸೆಯ ವಿಷಯ ನೋಡಿಕೊಳ್ಳುವ ಉಪಸಮಿತಿ ಸಾಕ್ಷಿಗಳನ್ನು ಕರೆಸಿದೆ. ಪಕ್ಕದ ಲಾಂಗ್‌ವರ್ತ್ ಕಟ್ಟಡದಲ್ಲಿ ಕೃಷಿ ಸಮಿತಿ ಒಂದು ಮಸೂದೆಯ ತಿದ್ದುಪಡಿಗಳನ್ನು ಒಂದೊಂದಾಗಿ ಮತಕ್ಕೆ ಹಾಕುತ್ತಿದೆ. ಎರಡೂ ಅವರ ಸಮಿತಿಗಳೇ, ಎರಡೂ 10 ಗಂಟೆಗೇ ಶುರು. ಸಾಲದ್ದಕ್ಕೆ ಯಾವ ಗಳಿಗೆಯಲ್ಲಾದರೂ ಸದನದ ಗಂಟೆ ಬಾರಿಸಬಹುದು. ಬಾರಿಸಿದರೆ ಎಲ್ಲರೂ ಎದ್ದು ಮುಖ್ಯ ಸಭಾಂಗಣಕ್ಕೆ ಮತ ಹಾಕಲು ಓಡಬೇಕು.

ಆಗ ಸಾಮಾನ್ಯವಾಗಿ ನಡೆಯುವುದು ಹೀಗೆ. ಸದಸ್ಯೆ ಮೊದಲ ಕೋಣೆಗೆ ಬರುತ್ತಾರೆ, ತಮ್ಮ ಸರದಿಗೆ ಕಾಯುತ್ತಾರೆ, ಸಿಬ್ಬಂದಿ ಬರೆದುಕೊಟ್ಟ ಪ್ರಶ್ನೆ ಕೇಳುತ್ತಾರೆ, ಹಿಂದಿನ ಬಾಗಿಲಿನಿಂದ ಎದ್ದು ಹೋಗುತ್ತಾರೆ. ಮುಂದೆ ಮೇಜಿನ ಬಳಿ ಕೂತ ಸಾಕ್ಷಿ ಇನ್ನೊಂದು ಗಂಟೆ ಮಾತಾಡುತ್ತಾನೆ, ಅರ್ಧಕ್ಕರ್ಧ ಖಾಲಿ ಇರುವ ಕುರ್ಚಿಗಳ ಎದುರು.

ಈ ಖಾಲಿ ಕುರ್ಚಿಯನ್ನು ಟೀವಿಯಲ್ಲಿ ನೋಡಿದಾಗ ನಮಗೆ ತಕ್ಷಣ ಬರುವ ಮಾತು "ಇವರಿಗೆಲ್ಲ ಸಂಬಳ ಯಾಕೆ ಕೊಡಬೇಕು" ಅನ್ನೋದು. ಆ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಅದು ತಪ್ಪು ಜಾಗಕ್ಕೆ ಹೋಗಿ ಬೀಳುತ್ತದೆ. ಖಾಲಿ ಕುರ್ಚಿಯ ಒಡತಿ ಮನೆಯಲ್ಲಿ ಮಲಗಿಲ್ಲ. ಬಹುಶಃ ಇನ್ನೊಂದು ಕುರ್ಚಿಯಲ್ಲಿದ್ದಾರೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ಬೇರೆ. ಒಬ್ಬ ಜನಪ್ರತಿನಿಧಿಯ ಸಮಯ ಯಾರಿಗೆ ಸಲ್ಲಬೇಕು? ಎಲ್ಲರಿಗೂ ಕೊಡಲು ಆಗದಿದ್ದಾಗ ಯಾರಿಗೆ ಇಲ್ಲ ಅನ್ನಬೇಕು ಅಂತ ತೀರ್ಮಾನಿಸುವವರು ಯಾರು?

ಮೊದಲು ವ್ಯವಸ್ಥೆಯನ್ನು ಸ್ವಲ್ಪ ನೋಡೋಣ. ಅಮೆರಿಕದ ಕಾಂಗ್ರೆಸ್‌ನಲ್ಲಿ (ಪಕ್ಷ ಅಲ್ಲ, ಸಂಸತ್ತು) ನಿಜವಾದ ಕೆಲಸದ ಬಹುಪಾಲು ನಡೆಯುವುದು ಸಮಿತಿಗಳಲ್ಲಿ. ಪ್ರತಿನಿಧಿ ಸಭೆಯ 435 ಸದಸ್ಯರು 20 ಸ್ಥಾಯಿ ಸಮಿತಿಗಳಲ್ಲೂ ಅವುಗಳ ಕೆಳಗಿನ ನೂರರ ಆಸುಪಾಸಿನ ಉಪಸಮಿತಿಗಳಲ್ಲೂ ಹಂಚಿಹೋಗಿದ್ದಾರೆ. ಒಬ್ಬರು ಎರಡು ಸ್ಥಾಯಿ ಸಮಿತಿ, ನಾಲ್ಕು ಉಪಸಮಿತಿಗಿಂತ ಹೆಚ್ಚು ಕಡೆ ಇರಬಾರದು ಅಂತ ಸದನದ ನಿಯಮ ಇದೆ, ವಿನಾಯಿತಿಗಳೂ ಸಿಗುತ್ತವೆ. ನಿಯಮ ಪಾಲಿಸಿದರೂ ಆರು ಕಡೆ ಆಯಿತಲ್ಲ. ಸೆನೆಟ್‌ನಲ್ಲಿ 100 ಜನ ಮಾತ್ರ ಇರುವುದರಿಂದ ತಲೆಗೊಂದಕ್ಕೆ ಹೊರೆ ಇನ್ನೂ ಹೆಚ್ಚು.

ಸಭೆ ಯಾವಾಗ ಅಂತ ನಿರ್ಧರಿಸುವವರು ಆಯಾ ಸಮಿತಿಯ ಅಧ್ಯಕ್ಷರು. ಒಬ್ಬ ಅಧ್ಯಕ್ಷರು ಇನ್ನೊಬ್ಬರನ್ನು ಕೇಳಬೇಕಾಗಿಲ್ಲ. ವಾರದಲ್ಲಿ ಸಿಗುವ ದಿನಗಳೋ ಕಡಿಮೆ. ಸದಸ್ಯರು ಸೋಮವಾರವೋ ಮಂಗಳವಾರವೋ ವಿಮಾನ ಇಳಿದು, ಗುರುವಾರವೋ ಶುಕ್ರವಾರವೋ ಮತ್ತೆ ವಿಮಾನ ಹತ್ತುತ್ತಾರೆ. ಆದ್ದರಿಂದ ಎಲ್ಲ ಅಧ್ಯಕ್ಷರ ಕಣ್ಣೂ ಮಂಗಳವಾರ, ಬುಧವಾರ, ಗುರುವಾರದ ಬೆಳಗಿನ ಮೇಲೆಯೇ. ಒಂದೇ ಛತ್ರ, ಒಂದೇ ಮುಹೂರ್ತ, ಹತ್ತು ಮದುವೆ.

ಇನ್ನು ಉಳಿದ ಒತ್ತಡಗಳು. ಕ್ಷೇತ್ರದ ಜನ ತಮ್ಮ ಪ್ರತಿನಿಧಿ ಊರಿನಲ್ಲಿ ಕಾಣಬೇಕು ಅಂತ ಬಯಸುತ್ತಾರೆ. ಅದರಲ್ಲಿ ತಪ್ಪೇನಿದೆ? ದೀಪಾವಳಿಗೋ ರಾಜ್ಯೋತ್ಸವಕ್ಕೋ ಇಲ್ಲಿನ ಜನಪ್ರತಿನಿಧಿಯನ್ನು ವೇದಿಕೆಗೆ ಕರೆಯುವ ನಮ್ಮಂಥ ಸಂಘಗಳೂ ಆ ಸಾಲಿನಲ್ಲಿ ಇವೆ. ಮನೆಮಂದಿಗೆ ಅವರು ಬೇಕು. ಪಕ್ಷಕ್ಕೆ ಅವರು ದುಡ್ಡು ಎತ್ತಿಕೊಡಬೇಕು. ಡೆಮಾಕ್ರಟಿಕ್ ಪಕ್ಷದ ಚುನಾವಣಾ ಸಮಿತಿ ಹೊಸದಾಗಿ ಗೆದ್ದವರಿಗೆ ತೋರಿಸಿದ ಒಂದು ಮಾದರಿ ದಿನಚರಿ 2013ರ ಜನವರಿಯಲ್ಲಿ ಪತ್ರಿಕೆಗೆ ಬಂತು. ಅದರಲ್ಲಿ ದೇಣಿಗೆ ಕೇಳುವ ಫೋನ್ ಕರೆಗಳಿಗೆ ದಿನಕ್ಕೆ 4 ಗಂಟೆ ಇಟ್ಟಿದ್ದರು. ಸಮಿತಿ ಮತ್ತು ಸದನ ಎರಡಕ್ಕೂ ಸೇರಿಸಿ 2 ಗಂಟೆ. ಸರ್ಕಾರಿ ಕಚೇರಿಯಲ್ಲಿ ಕೂತು ದೇಣಿಗೆ ಕೇಳುವುದು ಕಾನೂನಿಗೆ ವಿರುದ್ಧ. ಹಾಗಾಗಿ ಆ ಕರೆಗಳಿಗಾಗಿ ಅವರು ಕಟ್ಟಡ ಬಿಟ್ಟು ಹೊರಗೆ ಹೋಗಬೇಕು.

ದೇಣಿಗೆಯ ಕರೆಗಳನ್ನು ಒಂದು ಪಕ್ಕಕ್ಕೆ ಇಡಿ. ಉಳಿದದ್ದರಲ್ಲಿ ಯಾವುದೂ ಸೋಮಾರಿತನ ಅಲ್ಲ. ಕ್ಷೇತ್ರದ ಜನ, ಸದನದ ಮತ, ಮೊದಲ ಸಮಿತಿ, ಎರಡನೆಯ ಸಮಿತಿ, ಪ್ರತಿಯೊಂದೂ ನ್ಯಾಯವಾದ ಬೇಡಿಕೆ. ಸರಿ ಮತ್ತು ತಪ್ಪಿನ ನಡುವೆ ಆರಿಸುವುದು ಕಷ್ಟವಾದರೂ ಸ್ಪಷ್ಟ ಕೆಲಸ. ಎರಡು ಸರಿಗಳ ನಡುವೆ ಆರಿಸಬೇಕಾದಾಗ ಬರುವ ಸ್ಥಿತಿಗೆ ನಮ್ಮಲ್ಲಿ ಒಂದು ಒಳ್ಳೆಯ ಹೆಸರಿದೆ: ಧರ್ಮಸಂಕಟ. ಯಾವ ಕಡೆ ಹೋದರೂ ಇನ್ನೊಂದು ಕಡೆಯವರಿಗೆ ಸಲ್ಲಬೇಕಾದದ್ದು ಬಾಕಿ ಉಳಿಯುತ್ತದೆ.

ಇದು ಹೊಸ ಸಂಕಟವೂ ಅಲ್ಲ. 1774ರಲ್ಲಿ ಎಡ್ಮಂಡ್ ಬರ್ಕ್ ಇಂಗ್ಲೆಂಡಿನ ಬ್ರಿಸ್ಟಲ್ ನಗರದಿಂದ ಆಯ್ಕೆಯಾದಾಗ ಒಂದು ಭಾಷಣ ಮಾಡಿದ. ನಾನು ನಿಮಗೆ ಕೊಡಬೇಕಾದದ್ದು ನನ್ನ ದುಡಿಮೆ ಮಾತ್ರ ಅಲ್ಲ, ನನ್ನ ಸ್ವಂತ ವಿವೇಚನೆ ಕೂಡ ಅನ್ನುವುದು ಅದರ ತಾತ್ಪರ್ಯ. ರಾಜಕೀಯ ಶಾಸ್ತ್ರ ಓದುವವರೆಲ್ಲ ಈ ಭಾಷಣವನ್ನು ಓದುತ್ತಾರೆ. ಮುಂದಿನ ಕಥೆಯನ್ನು ಅಷ್ಟಾಗಿ ಹೇಳುವುದಿಲ್ಲ. 1780ರಲ್ಲಿ ಬ್ರಿಸ್ಟಲ್‌ನ ಮತದಾರರು ಅವನ ಮೇಲೆ ಹೊರಿಸಿದ ದೂರುಗಳಲ್ಲಿ ಒಂದು, ಈತ ನಮ್ಮ ಊರಿಗೆ ಬರೋದೇ ಇಲ್ಲ ಅಂತ. ಗೆಲ್ಲುವುದಿಲ್ಲ ಅಂತ ಗೊತ್ತಾಗಿ ಅವನು ಕಣದಿಂದ ಹಿಂದೆ ಸರಿದ. ವಿವೇಚನೆಗೆ ಬೇಕಾದ ಸಮಯ, ಊರಿಗೆ ಬೇಕಾದ ಸಮಯ, ಎರಡೂ ಒಂದೇ ಗಡಿಯಾರದಿಂದ ಬರಬೇಕು.

ನಾನು ದಿನವೂ ಮಾಡುವ ಕೆಲಸದ ಕಣ್ಣಿನಿಂದ ನೋಡಿದರೆ ಇದು ಪರಿಚಿತ ಲೆಕ್ಕ. ಕಾಲೇಜಿನ ಪರೀಕ್ಷೆಗಳಿಗೆ ವೇಳಾಪಟ್ಟಿ ಹಾಕುವಾಗಲೂ ಇದೇ ಲೆಕ್ಕ ಬರುತ್ತದೆ. ಪ್ರತಿ ಸಮಿತಿಗೆ ಒಂದು ಚುಕ್ಕೆ ಇಡಿ, ರಂಗೋಲಿಗೆ ಇಟ್ಟ ಹಾಗೆ. ಎರಡು ಸಮಿತಿಗಳಲ್ಲಿ ಒಬ್ಬರೇ ಸದಸ್ಯರಿದ್ದರೆ ಆ ಎರಡು ಚುಕ್ಕೆಗಳ ನಡುವೆ ಒಂದು ಗೆರೆ ಎಳೆಯಿರಿ. ಈಗ ಪ್ರತಿ ಚುಕ್ಕೆಗೂ ಒಂದು ಬಣ್ಣ ಕೊಡಿ. ಷರತ್ತು ಒಂದೇ: ಗೆರೆಯಿಂದ ಸೇರಿದ ಚುಕ್ಕೆಗಳಿಗೆ ಒಂದೇ ಬಣ್ಣ ಇರಬಾರದು. ಬಣ್ಣ ಅಂದರೆ ಇಲ್ಲಿ ಸಭೆಯ ಹೊತ್ತು. ಮಂಗಳವಾರ ಬೆಳಗ್ಗೆ ಕೆಂಪು, ಮಂಗಳವಾರ ಮಧ್ಯಾಹ್ನ ಹಳದಿ, ಹೀಗೆ. ಎಲ್ಲ ಚುಕ್ಕೆಗೂ ಬಣ್ಣ ಬಿತ್ತು ಅಂದರೆ ಯಾರಿಗೂ ಎರಡು ಕಡೆ ಇರಬೇಕಾದ ಕಷ್ಟ ಇಲ್ಲ.

ನೂರಿಪ್ಪತ್ತು ಚುಕ್ಕೆಗಳಿಗೆ ಇದನ್ನು ಮಾಡುವುದು ಇವತ್ತಿನ ಕಂಪ್ಯೂಟರಿಗೆ ದೊಡ್ಡ ಮಾತಲ್ಲ. ತೊಂದರೆ ಇರುವುದು ಬೇರೆ ಕಡೆ. ಆರಾರು ಕಡೆ ಕೂರುವ ನಾನೂರ ಮೂವತ್ತೈದು ಜನ ಎಳೆದ ಗೆರೆಗಳು ಬಲೆಯ ಹಾಗೆ ಹೆಣೆದುಕೊಂಡಿವೆ. ಕೈಯಲ್ಲಿರುವ ಬಣ್ಣಗಳು ಕೆಲವೇ. ಲೆಕ್ಕ ಕೂಡಿಬರುವುದಿಲ್ಲ. ಆಗ ಮೂರು ದಾರಿ ಮಾತ್ರ ಉಳಿಯುತ್ತವೆ. ಗೆರೆ ಕಡಿಮೆ ಮಾಡಿ, ಅಂದರೆ ಒಬ್ಬೊಬ್ಬರೂ ಕಡಿಮೆ ಸಮಿತಿಗಳಲ್ಲಿ ಇರಲಿ. ಇಲ್ಲವೇ ಬಣ್ಣ ಹೆಚ್ಚು ಮಾಡಿ, ಅಂದರೆ ಹೆಚ್ಚು ದಿನ ರಾಜಧಾನಿಯಲ್ಲಿ ಇರಲಿ. ಅದೂ ಬೇಡ ಅಂದರೆ, ಕೆಲವು ಡಿಕ್ಕಿಗಳನ್ನು ಒಪ್ಪಿಕೊಂಡು ಯಾವುದು ಪರವಾಗಿಲ್ಲ ಅಂತ ಆರಿಸಿ.

ಮೊದಲ ದಾರಿಯನ್ನು ಅಮೆರಿಕ ಒಮ್ಮೆ ತುಳಿದಿದೆ. 1946ರ ಕಾಯ್ದೆಯೊಂದು ಪ್ರತಿನಿಧಿ ಸಭೆಯ ಸ್ಥಾಯಿ ಸಮಿತಿಗಳನ್ನು 48ರಿಂದ 19ಕ್ಕೆ, ಸೆನೆಟ್‌ನ ಸಮಿತಿಗಳನ್ನು 33ರಿಂದ 15ಕ್ಕೆ ಇಳಿಸಿತು. ಮುಂದಿನ ದಶಕಗಳಲ್ಲಿ ಉಪಸಮಿತಿಗಳು ಹುಟ್ಟಿಕೊಂಡು ಆ ಜಾಗ ತುಂಬಿದವು. ಯಾಕೆಂದರೆ ಸಮಿತಿಯ ಕುರ್ಚಿ ಅಂದರೆ ಅಧಿಕಾರ, ಕ್ಷೇತ್ರಕ್ಕೆ ತೋರಿಸಿಕೊಳ್ಳಲು ಒಂದು ಹೆಸರು. ಎರಡನೆಯ ದಾರಿ ಊರಿನ ಸಮಯವನ್ನು ತಿನ್ನುತ್ತದೆ. ಹಾಗಾಗಿ ಹೇಳದೇ ಕೇಳದೇ ಎಲ್ಲರೂ ಮೂರನೆಯ ದಾರಿಯಲ್ಲೇ ಇದ್ದಾರೆ.

ಮೂರನೆಯ ದಾರಿಗೆ ಬಂದ ಮೇಲೆ ಗಣಿತ ನಮ್ಮನ್ನು ಒಂದು ಪ್ರಶ್ನೆ ಕೇಳುತ್ತದೆ: ಯಾವುದನ್ನು ಕಡಿಮೆ ಮಾಡಲಿ? ಒಟ್ಟು ಡಿಕ್ಕಿಗಳ ಸಂಖ್ಯೆಯನ್ನೇ ಕಡಿಮೆ ಮಾಡು ಅಂದರೆ, ಲೆಕ್ಕ ಕೆಲವರ ಮೇಲೆ ಎಲ್ಲ ಭಾರ ಹೇರಿ ಉಳಿದವರನ್ನು ಹಗುರ ಮಾಡಬಹುದು. ವಯೋಮಿಂಗ್ ರಾಜ್ಯಕ್ಕೆ ಪ್ರತಿನಿಧಿ ಸಭೆಯಲ್ಲಿ ಇರುವುದು ಒಬ್ಬರೇ ಸದಸ್ಯರು, ಕ್ಯಾಲಿಫೋರ್ನಿಯಾಕ್ಕೆ 52. ಆ ಒಬ್ಬರು ಸಭೆ ತಪ್ಪಿಸಿಕೊಂಡರೆ ಇಡೀ ರಾಜ್ಯದ ಬಾಯಿ ಕಟ್ಟಿದಂತೆ. ಹಾಗಾದರೆ ಅತಿ ಹೆಚ್ಚು ಪೆಟ್ಟು ತಿನ್ನುವವರ ಪೆಟ್ಟನ್ನು ಕಡಿಮೆ ಮಾಡು ಅನ್ನಬೇಕಾ? ಆಗ ಒಟ್ಟು ಡಿಕ್ಕಿ ಹೆಚ್ಚಾಗಬಹುದು. ಅಧ್ಯಕ್ಷರ ಹಾಜರಿಗೂ ಹೊಸ ಸದಸ್ಯರ ಹಾಜರಿಗೂ ಒಂದೇ ತೂಕವಾ? ಮತ ಹಾಕುವ ಸಭೆಗೂ ಬರೀ ಮಾತು ಕೇಳುವ ಸಭೆಗೂ ಒಂದೇ ತೂಕವಾ? ಈ ತೂಕಗಳನ್ನು ಯಾರೋ ಕೂತು ಕೋಡ್‌ನಲ್ಲಿ ಬರೆಯಬೇಕು. ಅದು ನೀತಿಯ ತೀರ್ಮಾನ. ಕಂಪ್ಯೂಟರ್ ಹೇಳಿತು ಅಂದಮಾತ್ರಕ್ಕೆ ಅದು ಗಣಿತ ಆಗುವುದಿಲ್ಲ.

ಅದರಲ್ಲೂ ಮತಕ್ಕೂ ಮಾತು ಕೇಳುವುದಕ್ಕೂ ಇರುವ ವ್ಯತ್ಯಾಸದ ಹತ್ತಿರ ಸ್ವಲ್ಪ ನಿಲ್ಲೋಣ. ಸದಸ್ಯರು ಹಾಕಿದ ಮತ ಹೆಸರಿನ ಸಮೇತ ದಾಖಲಾಗುತ್ತದೆ. ಮುಂದಿನ ಚುನಾವಣೆಯಲ್ಲಿ ಎದುರಾಳಿ ಅದನ್ನು ಜಾಹೀರಾತು ಮಾಡುತ್ತಾರೆ. ಒಂದೂವರೆ ಗಂಟೆ ಕೂತು ಕೇಳಿದ್ದು ಎಲ್ಲಿಯೂ ದಾಖಲಾಗುವುದಿಲ್ಲ. ನಿಯಮಗಳಲ್ಲೂ ಇದೇ ತಾರತಮ್ಯ. ಪ್ರತಿನಿಧಿ ಸಭೆಯ ಸಮಿತಿ ಒಂದು ಮಸೂದೆಯನ್ನು ಸದನಕ್ಕೆ ಕಳಿಸಬೇಕಾದರೆ ಅರ್ಧಕ್ಕಿಂತ ಹೆಚ್ಚು ಸದಸ್ಯರು ಕೋಣೆಯಲ್ಲಿ ಇರಲೇಬೇಕು. ಸಾಕ್ಷ್ಯ ಕೇಳಲು ಇಬ್ಬರಿದ್ದರೂ ಸಾಕು ಅಂತ ಸಮಿತಿ ನಿಗದಿ ಮಾಡಿಕೊಳ್ಳಬಹುದು. 1995ರಿಂದ ಅಲ್ಲಿನ ಸಮಿತಿಗಳಲ್ಲಿ ಬೇರೆಯವರ ಪರವಾಗಿ ಮತ ಹಾಕುವಂತಿಲ್ಲ. ಸೆನೆಟ್‌ನಲ್ಲಿ ಕೆಲವು ಮಿತಿಗಳೊಂದಿಗೆ ಅದು ಇನ್ನೂ ನಡೆಯುತ್ತದೆ. ಮತ ಬೇಕಾದರೆ ನೀವೇ ಬನ್ನಿ ಅನ್ನುವ ನಿಯಮ ಒಳ್ಳೆಯದೇ. ಆದರೆ ಎರಡು ಕೋಣೆಗಳಲ್ಲಿ ಒಂದರಲ್ಲಿ ಮತ, ಇನ್ನೊಂದರಲ್ಲಿ ಸಾಕ್ಷ್ಯ ಇದ್ದರೆ ಬಿಟ್ಟುಹೋಗುವುದು ಯಾವುದು ಅಂತ ಬೇರೆ ಹೇಳಬೇಕಾಗಿಲ್ಲ.

ಸಾಕ್ಷಿಗಳನ್ನು ಕರೆಸುವ ಸಭೆಗೆ ಇಂಗ್ಲಿಷಿನಲ್ಲಿ ಹಿಯರಿಂಗ್ ಅನ್ನುತ್ತಾರೆ, ಅಂದರೆ ಕೇಳುವುದು. ಕನ್ನಡದಲ್ಲಿ ಕೇಳು ಅನ್ನುವ ಕ್ರಿಯಾಪದಕ್ಕೆ ಎರಡು ಅರ್ಥ ಇದೆ. ಇಲ್ಲಿ ಹುಟ್ಟಿ ಕನ್ನಡ ಕಲಿಯುತ್ತಿರುವವರಿಗೆ ಇದು ಗೊಂದಲ ಮಾಡುತ್ತದೆ: ಪ್ರಶ್ನೆ ಕೇಳುವುದೂ ಕೇಳುವುದೇ, ಹಾಡು ಕೇಳುವುದೂ ಕೇಳುವುದೇ. ಒಳ್ಳೆಯ ಹಿಯರಿಂಗ್‌ನಲ್ಲಿ ಎರಡೂ ಇರುತ್ತವೆ. ಪ್ರಶ್ನೆ ಕೇಳಿ, ಉತ್ತರ ಕೇಳಿ, ಅದರಿಂದ ಹುಟ್ಟಿದ ಇನ್ನೊಂದು ಪ್ರಶ್ನೆ ಕೇಳಿ. ಐದು ನಿಮಿಷದ ಸರದಿ, ಹೊರಗೆ ಕಾಯುತ್ತಿರುವ ಇನ್ನೊಂದು ಸಮಿತಿ, ಇವೆರಡರ ನಡುವೆ ಮೊದಲನೆಯ ಕೇಳುವುದು ಉಳಿದು ಎರಡನೆಯದು ಜಾರಿಹೋಗುತ್ತದೆ. ಎಷ್ಟೋ ಸಮಿತಿಗಳಲ್ಲಿ ಸಭೆ ಶುರುವಾಗುವಾಗ ಇದ್ದವರಿಗೆ ಮೊದಲ ಸರದಿ. ಇನ್ನೊಂದು ಕೋಣೆಯಿಂದ ಓಡಿ ಬಂದವರು ಸಾಲಿನ ಕೊನೆಗೆ.

ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪ ಇದೆ. ಸಾಕ್ಷಿಗಳು ಮೊದಲೇ ಬರೆದ ಹೇಳಿಕೆ ಕೊಟ್ಟಿರುತ್ತಾರೆ, ವಿಡಿಯೋ ಇರುತ್ತದೆ, ಸಿಬ್ಬಂದಿ ಎರಡು ಪುಟದ ಸಾರಾಂಶ ಮಾಡಿಕೊಡುತ್ತಾರೆ. ವಿಮಾನದಲ್ಲಿ ಕೂತು ಹತ್ತು ನಿಮಿಷದಲ್ಲಿ ಓದಬಹುದಾದದ್ದಕ್ಕೆ ಎರಡು ಗಂಟೆ ಯಾಕೆ ಕೂರಬೇಕು? ಮಾಹಿತಿಯ ಮಟ್ಟಿಗೆ ಈ ವಾದ ಸರಿ. ಬರೀ ಮಾಹಿತಿಗಾಗಿ ಇರುವ ಸಭೆಗಳನ್ನು ರದ್ದು ಮಾಡಿದರೆ ಯಾರಿಗೂ ನಷ್ಟ ಇಲ್ಲ.

ಆದರೆ ಸಾರಾಂಶದಲ್ಲಿ ಬಾರದ ಎರಡು ಸಂಗತಿಗಳಿವೆ. ಮೊದಲನೆಯದು, ಎದುರು ಪಕ್ಷದವರು ಕೇಳುವ ಪ್ರಶ್ನೆಯನ್ನು ಅದೇ ಕೋಣೆಯಲ್ಲಿ ಕೂತು ಕೇಳುವುದು. ಅವರಿಗೆ ನಿಜವಾಗಿ ಏನು ಅಳುಕು ಇದೆ, ಯಾವ ಉತ್ತರಕ್ಕೆ ಅವರು ಸುಮ್ಮನಾದರು ಅನ್ನುವುದು ಅಲ್ಲೇ ಗೊತ್ತಾಗುವುದು. ಎಲ್ಲರೂ ಸರದಿ ಪ್ರಕಾರ ಬಂದು ಹೋದರೆ ಪ್ರತಿಯೊಬ್ಬರೂ ತಮ್ಮ ಮಾತನ್ನು ಮಾತ್ರ ಕೇಳಿಕೊಂಡು ಹೋದ ಹಾಗಾಯಿತು. ಎರಡನೆಯದು ಸಾಕ್ಷಿಗೆ ಸಲ್ಲಬೇಕಾದದ್ದು.

ಇದನ್ನು ನಮಗೆ ಹತ್ತಿರದ ಉದಾಹರಣೆಯಿಂದ ನೋಡೋಣ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್‌ಗಳು ವರ್ಷಕ್ಕೆ ಸುಮಾರು 1,40,000. ಒಂದು ದೇಶದವರಿಗೆ ಶೇಕಡಾ 7ರ ಮಿತಿ. ಇದು 1990ರ ಕಾನೂನಿನ ಚೌಕಟ್ಟು. ಅದರಿಂದ ಭಾರತೀಯರ ಸಾಲು ಎಷ್ಟು ಉದ್ದ ಬೆಳೆದಿದೆ ಅಂತ ನಮ್ಮಲ್ಲಿ ಅನೇಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಪ್ಪ ಅಮ್ಮನ ವೀಸಾದ ಮೇಲೆ ಚಿಕ್ಕ ವಯಸ್ಸಿನಲ್ಲಿ ಬಂದ ಮಗುವಿಗೆ 21 ತುಂಬಿದರೆ ಆ ವೀಸಾ ಅದಕ್ಕೆ ಅನ್ವಯಿಸುವುದಿಲ್ಲ. ಬೆಳೆದ ಊರಿನಲ್ಲೇ ಉಳಿಯಲು ಹೊಸ ದಾರಿ ಹುಡುಕಬೇಕು. ಈ ಸಮಸ್ಯೆ ಬಾಯಿಬಿಟ್ಟು ಹೇಳಿಕೊಳ್ಳಲು ಸಿಗುವ ಜಾಗ ಅಂದರೆ ನ್ಯಾಯಾಂಗ ಸಮಿತಿಯ ವಲಸೆ ಉಪಸಮಿತಿಗಳು. ಅಲ್ಲಿ ಮಾತಾಡಲು ಬಂದವರಿಗೆ ಈ ದೇಶದಲ್ಲಿ ಮತ ಕೂಡ ಇಲ್ಲದಿರಬಹುದು. ಅವರ ಕೈಯಲ್ಲಿರುವುದು ಆ ಐದು ನಿಮಿಷ ಮಾತ್ರ. ಮತ ಇರುವವರು ಚುನಾವಣೆಯಲ್ಲಿ ಸಿಟ್ಟು ತೀರಿಸಿಕೊಳ್ಳಬಹುದು. ಮತ ಇಲ್ಲದವರ ಮಾತು ಖಾಲಿ ಕುರ್ಚಿಗೆ ಬಿದ್ದರೆ ಅದನ್ನು ಸರಿಪಡಿಸಲು ಬೇರೆ ಬಾಗಿಲು ಇಲ್ಲ. ಹಾಗಾಗಿ ತೂಕ ಹಾಕುವಾಗ ಕೇಳುವ ಸಭೆ ಮತದ ಸಭೆಗಿಂತ ಹಗುರ ಅಂತ ಕಣ್ಣು ಮುಚ್ಚಿ ಹೇಳುವುದು ಅನ್ಯಾಯ ಅಂತ ನನಗೆ ಅನ್ನಿಸುತ್ತದೆ.

ಇದಕ್ಕೆ ಯಾರು ಹೊಣೆ? ಒಬ್ಬೊಬ್ಬ ಅಧ್ಯಕ್ಷರೂ ತಮ್ಮ ಸಭೆಗೆ ಒಳ್ಳೆಯ ಹೊತ್ತನ್ನೇ ಆರಿಸಿಕೊಂಡರು. ಒಬ್ಬೊಬ್ಬ ಸದಸ್ಯರೂ ತಮ್ಮ ಕೈಲಾದಷ್ಟು ಓಡಿದರು. ಒಟ್ಟು ವೇಳಾಪಟ್ಟಿ ಯಾರ ಮೇಜಿನ ಮೇಲೂ ಇರಲಿಲ್ಲ. ಊರಿನವರೆಲ್ಲ ಬಳಸುವ ಕೆರೆಯ ಹೂಳು ಹಾಗೇ ಉಳಿಯುವುದೂ ಇದೇ ಕಾರಣಕ್ಕೆ.

ಇದನ್ನು ಗಂಭೀರವಾಗಿ ನೋಡಿದ್ದು 2019ರಿಂದ 2022ರವರೆಗೆ ಕೆಲಸ ಮಾಡಿದ ಒಂದು ವಿಶೇಷ ಸಮಿತಿ. ಕಾಂಗ್ರೆಸ್ಸನ್ನು ಆಧುನಿಕಗೊಳಿಸುವುದು ಅದರ ಕೆಲಸ. ಅಧ್ಯಕ್ಷರು ವಾಷಿಂಗ್ಟನ್ ರಾಜ್ಯದ ಡೆರೆಕ್ ಕಿಲ್ಮರ್. ಅದರಲ್ಲಿ ಎರಡೂ ಪಕ್ಷಗಳಿಗೆ ಸಮ ಸಂಖ್ಯೆಯ ಸದಸ್ಯರಿದ್ದರು. ಎಲ್ಲ ಸಮಿತಿಗಳೂ ನೋಡಬಹುದಾದ ಒಂದೇ ಕ್ಯಾಲೆಂಡರ್ ಇರಲಿ, ಸಮಿತಿಗಳಿಗಾಗಿಯೇ ಮೀಸಲಾದ ಹೊತ್ತು ಇರಲಿ, ಪ್ರಯಾಣದ ದಿನಗಳಿಗಿಂತ ಕೆಲಸದ ದಿನಗಳು ಹೆಚ್ಚಿರಲಿ ಅನ್ನುವುದು ಅದರ ಶಿಫಾರಸುಗಳಲ್ಲಿ ಸೇರಿದ್ದವು. ಒಂದು ಹೊತ್ತನ್ನು ಆರಿಸಿದರೆ ಎಷ್ಟು ಸದಸ್ಯರಿಗೆ ಡಿಕ್ಕಿಯಾಗುತ್ತದೆ ಅಂತ ತೋರಿಸುವ ಸಾಧನವನ್ನೂ ಸದನದ ತಾಂತ್ರಿಕ ಸಿಬ್ಬಂದಿ ಆಮೇಲೆ ಕಟ್ಟಿದರು.

ಇಂಥ ಸಾಧನ ಯಾರನ್ನೂ ತಡೆಯುವುದಿಲ್ಲ. ಡಿಕ್ಕಿ ಇದೆ ಅಂತ ಕಂಡ ಮೇಲೂ ಅಧ್ಯಕ್ಷರು ಅದೇ ಹೊತ್ತಿಗೆ ಸಭೆ ಕರೆಯಬಹುದು. ಹಾಗಾದರೆ ಏನು ಉಪಯೋಗ ಅಂತ ಕೇಳಬಹುದು. ನನ್ನ ಪ್ರಕಾರ ಅದರ ಬೆಲೆ ಇರುವುದು ಒಂದೇ ಕಡೆ. ಗೊತ್ತಿರಲಿಲ್ಲ ಅನ್ನುವ ನೆಪ ಇನ್ನು ಇಲ್ಲ. ಗೊತ್ತಿಲ್ಲದೆ ಆದ ಡಿಕ್ಕಿ ಆಕಸ್ಮಿಕ. ಗೊತ್ತಿದ್ದು ಮಾಡಿದ್ದು ತೀರ್ಮಾನ. ತೀರ್ಮಾನಕ್ಕೆ ಕಾರಣ ಕೇಳಬಹುದು.

ಬೇರೆ ದೇಶಗಳು ಸಮಯವನ್ನು ಮೊದಲೇ ಎತ್ತಿಟ್ಟುಬಿಡುತ್ತವೆ. ಜರ್ಮನಿಯ ಬುಂಡೆಸ್ಟಾಗ್‌ನಲ್ಲಿ ಅಧಿವೇಶನದ ವಾರಗಳಲ್ಲಿ ಮಂಗಳವಾರ ಪಕ್ಷದ ಗುಂಪುಗಳಿಗೆ, ಬುಧವಾರ ಬೆಳಗ್ಗೆ ಸಮಿತಿಗಳಿಗೆ, ಗುರುವಾರ ಶುಕ್ರವಾರ ಮುಖ್ಯವಾಗಿ ಸದನಕ್ಕೆ. ಹೆಚ್ಚುಕಡಿಮೆ ಎಲ್ಲ ಸಮಿತಿಗಳೂ ಒಂದೇ ಬೆಳಗ್ಗೆ ಕೂಡುವುದರಿಂದ ಅಲ್ಲಿ ಸದಸ್ಯರು ಮುಖ್ಯವಾಗಿ ಒಂದು ಸಮಿತಿಗೆ ಅಂಟಿಕೊಳ್ಳುತ್ತಾರೆ, ಮತ್ತೊಂದರಲ್ಲಿ ಬದಲಿ ಸದಸ್ಯರಾಗಿರುತ್ತಾರೆ. ಭಾರತದಲ್ಲಿ 1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು ಬಂದವು. ಈಗ 24 ಇವೆ, ಪ್ರತಿಯೊಂದರಲ್ಲೂ 31 ಸ್ಥಾನ. ಬಜೆಟ್ ಮಂಡನೆಯಾದ ಮೇಲೆ ಸದನಕ್ಕೆ ಕೆಲವು ವಾರ ಬಿಡುವು ಕೊಟ್ಟು, ಆ ಹೊತ್ತಿನಲ್ಲಿ ಇಲಾಖೆಗಳ ಬೇಡಿಕೆಗಳನ್ನು ಈ ಸಮಿತಿಗಳು ನೋಡುತ್ತವೆ. ಹೊತ್ತು ಎತ್ತಿಟ್ಟರೆ ಹಾಜರಿ ತಾನಾಗಿ ಬರುವುದಿಲ್ಲ, ನಿಜ. ಆದರೆ ಬಾರದವರು ಇನ್ನೊಂದು ಸಭೆಯ ಮೇಲೆ ತಪ್ಪು ಹೊರಿಸುವುದು ಕಷ್ಟವಾಗುತ್ತದೆ.

ನಮ್ಮಲ್ಲಿ "ಪುರುಸೊತ್ತಿಲ್ಲ" ಅನ್ನುತ್ತೇವೆ, "ಪುರುಸೊತ್ತು ಮಾಡಿಕೊಂಡು ಬನ್ನಿ" ಅಂತಲೂ ಅನ್ನುತ್ತೇವೆ. ಮೊದಲನೆಯ ಮಾತಿನಲ್ಲಿ ಪುರುಸೊತ್ತು ಮಳೆಯ ಹಾಗೆ, ಬಂದರೆ ಬಂತು. ಎರಡನೆಯದರಲ್ಲಿ ಅದು ನಾವು ಮಾಡಿಕೊಳ್ಳುವಂಥದ್ದು, ಇನ್ನೇನನ್ನೋ ಬಿಟ್ಟುಕೊಟ್ಟು. ಶಾಸಕರಿಂದ ನಾವು ಕೇಳಬೇಕಾದದ್ದು ಎರಡನೆಯ ಬಗೆಯ ಪುರುಸೊತ್ತು. ಎಲ್ಲ ಕಡೆ ಹಾಜರಿರಿ ಅಂತ ಕೇಳುವುದು ಅಸಾಧ್ಯವನ್ನು ಕೇಳಿದಂತೆ. ಹಾಗೆ ಕೇಳಿದರೆ ಅವರು ಎಲ್ಲ ಕಡೆ ಐದೈದು ನಿಮಿಷ ಕಾಣಿಸಿಕೊಂಡು ಹೋಗುತ್ತಾರೆ. ಅದರ ಬದಲು ಕಡಿಮೆ ಕುರ್ಚಿ ಹಿಡಿಯಿರಿ, ಹಿಡಿದ ಕುರ್ಚಿಯಲ್ಲಿ ಪೂರ್ತಿ ಕೂರಿ, ಎಲ್ಲಿ ಇರಲಾಗಲಿಲ್ಲವೋ ಅಲ್ಲಿ ಯಾಕೆ ಅಂತ ಬಹಿರಂಗವಾಗಿ ಹೇಳಿ ಅನ್ನುವುದು ನ್ಯಾಯವಾದ ಬೇಡಿಕೆ.

ಅದಕ್ಕೆ ನಮ್ಮ ಕಡೆಯಿಂದಲೂ ಒಂದು ಬೆಲೆ ಇದೆ. ನಮ್ಮ ಸಮಾರಂಭಕ್ಕೆ ಬರಲು ಆಗುವುದಿಲ್ಲ, ಆ ವಾರ ಸಮಿತಿ ಇದೆ ಅಂತ ಸದಸ್ಯರ ಕಚೇರಿಯಿಂದ ಉತ್ತರ ಬಂದರೆ ಅದನ್ನು ಅವಮಾನ ಅಂತ ತೆಗೆದುಕೊಳ್ಳಬಾರದು. ಪ್ರತಿನಿಧಿ ಸಭೆಯ ಸಮಿತಿಗಳ ವೇಳಾಪಟ್ಟಿ, ಸಭೆಗಳ ವಿಡಿಯೋ ಎರಡೂ ಸಾರ್ವಜನಿಕ. ಮುಂದಿನ ಸಲ ಆ ಕಚೇರಿಗೆ ಫೋನ್ ಮಾಡಿದಾಗ, ಪತ್ರ ಬರೆದಾಗ, ಮಸೂದೆಗೆ ಹೇಗೆ ಮತ ಹಾಕಿದಿರಿ ಅನ್ನುವುದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿ: ಈ ತಿಂಗಳು ಯಾವ ಸಾಕ್ಷಿಯ ಮಾತನ್ನು ಮೊದಲಿನಿಂದ ಕೊನೆಯವರೆಗೆ ಕೂತು ಕೇಳಿದಿರಿ? ಈ ಪ್ರಶ್ನೆಯನ್ನು ಸಾಕಷ್ಟು ಜನ ಕೇಳಿದರೆ, ಅದಕ್ಕೆ ಉತ್ತರ ಇಟ್ಟುಕೊಳ್ಳುವ ಅಭ್ಯಾಸ ಕಚೇರಿಗಳಿಗೆ ನಿಧಾನವಾಗಿ ಬರುತ್ತದೆ.